ಆರೋಗ್ಯ ಕಾರ್ಡು ಮತ್ತು ಆಸ್ಪತ್ರೆಯ ಕಾಯಿದೆ

ಕುಟುಂಬ ಕಲ್ಯಾಣವೆಂದೊಡನೆ ಮಿತ ಸಂತಾನ, ಹೆರಿಗೆಗಳ ನಡುವಣ ಅಂತರ, ಮಕ್ಕಳಿಗೆ ಚುಚ್ಚುಮದ್ದು, ಗರ್ಭಿಣಿಯ ಆಹಾರ ಇವೇ ಮೊದಲಾದ ವಿಷಯಗಳು ನಮ್ಮ ನೆನಪಿಗೆ ಬರುತ್ತವೆ. ಇವೆಲ್ಲವನ್ನೂ ಅಚ್ಚುಕಟ್ಟಾಗಿ ಪಾಲಿಸಿಕೊಂಡು ಬಂದ ಸಂಸಾರವೂ ಒಂದು ದೊಡ್ಡ ಕಾಯಿಲೆಯಿಂದ ಅಥವಾ ಒಂದು ಅಪಘಾತದಿಂದ ಸಾಲದ ಮಡುವಿಗೆ ಬೀಳುವುದುಂಟು. ಹೊಲವನ್ನು ಅಡವಿಟ್ಟು, ಮಾಂಗಲ್ಯವನ್ನು ಮಾರಿ ಆಸ್ಪತ್ರೆಯ ಬಿಲ್ಲನ್ನು ತೀರಿಸಿದವರನ್ನು ನಾವೆಲ್ಲರೂ ಕಂಡಿದ್ದೇವೆ. ಆದುದರಿಂದ ಚಿಕಿತ್ಸೆಯ ವೆಚ್ಚವೂ ಕುಟುಂಬ ಕಲ್ಯಾಣದ ಪ್ರಶ್ನೆಯೇ ಆಗಿದೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ರಾತ್ರಿ ಹತ್ತು ಗಂಟೆಯ ಹೊತ್ತಿಗೆ ರೈತನೊಬ್ಬನು ಟ್ರ್ಯಾಕ್ಟರಿನಿಂದ ಬಿದ್ದು ತಲೆಗೆ ಪೆಟ್ಟಾಗುತ್ತದೆ. ಜಿಲ್ಲಾ ಆಸ್ಪತ್ರೆಯು ಎಪ್ಪತ್ತು ಕಿಲೋಮೀಟರ್ ದೂರದಲ್ಲಿದೆ. ತಾಲ್ಲೂಕು ಕೇಂದ್ರದ ಖಾಸಗಿ ನರ್ಸಿಂಗ್ ಹೋಮ್ ಹತ್ತಿರದಲ್ಲಿದೆ. ಮನೆಯವರು ಅಲ್ಲಿಗೇ ಧಾವಿಸುತ್ತಾರೆ. ಕೌಂಟರಿನಲ್ಲಿರುವವರು ಮುಂಗಡ ಹಣ ಕಟ್ಟಿರಿ ಎನ್ನುತ್ತಾರೆ. ರೈತನ ಹೆಂಡತಿಯು ಸೆರಗಿನಲ್ಲಿ ಜೋಪಾನವಾಗಿಟ್ಟುಕೊಂಡಿದ್ದ ಆರೋಗ್ಯ ಕಾರ್ಡನ್ನು ತೆಗೆದು ತೋರಿಸುತ್ತಾಳೆ. "ಈ ಕಾರ್ಡು ನಮ್ಮಲ್ಲಿ ನಡೆಯುವುದಿಲ್ಲ, ತಾಯಿ" ಎಂಬ ಉತ್ತರ ಬರುತ್ತದೆ.

ಈ ಉತ್ತರವು ಸುಳ್ಳಲ್ಲದಿರಬಹುದು. ಸರ್ಕಾರದ ಯೋಜನೆಗೆ ನೋಂದಾಯಿಸಿಕೊಳ್ಳದ ಆಸ್ಪತ್ರೆಯಲ್ಲಿ ಕಾರ್ಡು ನಡೆಯದು. ಆದರೆ ಮಾತು ಅಲ್ಲಿಗೇ ಮುಗಿಯಿತೆಂದು ತಿಳಿದು ರೋಗಿಯನ್ನು ಮತ್ತೆ ಗಾಡಿಗೆ ಹತ್ತಿಸುವುದು ತಪ್ಪು. ಏಕೆಂದರೆ ಕಾರ್ಡು ಬೇರೆ, ಕಾಯಿದೆ ಬೇರೆ. ಕಾರ್ಡು ಹಣ ಕೊಡುತ್ತದೆ. ಅದು ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮಾತ್ರ ನಡೆಯುತ್ತದೆ. ಕಾಯಿದೆಯು ಹಣ ಕೊಡುವುದಿಲ್ಲ. ಆದರೆ ಅದು ರಾಜ್ಯದ ಪ್ರತಿಯೊಂದು ಖಾಸಗಿ ಆಸ್ಪತ್ರೆಗೂ ಅನ್ವಯಿಸುತ್ತದೆ. ಇವೆರಡರ ಅಂತರವನ್ನು ಅರಿಯದೆ ಅಮೂಲ್ಯವಾದ ಮೊದಲ ಗಂಟೆಯನ್ನು ಕಳೆದುಕೊಳ್ಳುವ ಕುಟುಂಬಗಳಿಗಾಗಿಯೇ ಈ ಲೇಖನವನ್ನು ಬರೆಯಲಾಗಿದೆ.

ಮೊದಲು ಕಾಯಿದೆಯ ವಿಚಾರ. ಖಾಸಗಿ ನರ್ಸಿಂಗ್ ಹೋಮುಗಳನ್ನು ನಿಯಂತ್ರಿಸಲು ನಮ್ಮ ರಾಜ್ಯವು 1976ರಲ್ಲಿಯೇ ಒಂದು ಅಧಿನಿಯಮವನ್ನು ಮಾಡಿತ್ತು. ಅದರ ಸ್ಥಾನದಲ್ಲಿ 2007ರಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವು ಬಂದಿತು. ಆಸ್ಪತ್ರೆ, ಕ್ಲಿನಿಕ್ಕು, ರಕ್ತ ಪರೀಕ್ಷೆಯ ಪ್ರಯೋಗಾಲಯ ಇವೆಲ್ಲವೂ ಇದರ ವ್ಯಾಪ್ತಿಗೆ ಸೇರಿವೆ. ನೋಂದಣಿಯಿಲ್ಲದೆ ಯಾರೂ ಇವುಗಳನ್ನು ನಡೆಸುವಂತಿಲ್ಲ. ರಸ್ತೆ ಅಪಘಾತ, ಸುಟ್ಟ ಗಾಯ, ವಿಷ ಸೇವನೆ, ಹಲ್ಲೆ ಮುಂತಾದ ಪ್ರಕರಣಗಳಲ್ಲಿ ತಮ್ಮ ಬಾಗಿಲಿಗೆ ಬಂದ ರೋಗಿಗೆ ಪ್ರಥಮ ಚಿಕಿತ್ಸೆಯನ್ನು ನೀಡಿ, ಪ್ರಾಣ ಉಳಿಸಲು ಅಗತ್ಯವಾದ ತುರ್ತು ಕ್ರಮಗಳನ್ನು ಕೈಗೊಳ್ಳುವುದು ಸಂಸ್ಥೆಯ ಕರ್ತವ್ಯವೆಂದು ಈ ಅಧಿನಿಯಮವು ವಿಧಿಸಿತು. ಪೊಲೀಸರು ಬರಲಿ, ಆಮೇಲೆ ನೋಡೋಣ ಎನ್ನುವಂತಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರಾಣ ಉಳಿಸುವುದು ಪ್ರತಿಯೊಬ್ಬ ವೈದ್ಯನ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತ್ತು.

2017ರ ನವೆಂಬರ್ ತಿಂಗಳಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಈ ಕಾಯಿದೆಗೆ ತಿದ್ದುಪಡಿಯಾಯಿತು. ಜನಸಾಮಾನ್ಯರು ಮನದಟ್ಟು ಮಾಡಿಕೊಳ್ಳಬೇಕಾದ ಅಂಶಗಳು ಹೆಚ್ಚಾಗಿ ಇದರಲ್ಲಿಯೇ ಇವೆ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಯಿಂದಾಗಲಿ ಅವನ ಕಡೆಯವರಿಂದಾಗಲಿ ಮುಂಗಡ ಹಣಕ್ಕಾಗಿ ಒತ್ತಾಯಿಸಕೂಡದು. ರೋಗಿಯು ತೀರಿಕೊಂಡಲ್ಲಿ ಬಾಕಿ ಹಣಕ್ಕಾಗಿ ಶವವನ್ನು ತಡೆದಿಟ್ಟುಕೊಳ್ಳಕೂಡದು. ಬಾಕಿಯನ್ನು ಅನಂತರ ವಸೂಲು ಮಾಡಿಕೊಳ್ಳಬಹುದು. ರೋಗಿಯ ಹಕ್ಕುಗಳನ್ನು ತಿಳಿಸುವ ಸನ್ನದೊಂದನ್ನೂ ಕಾಯಿದೆಗೆ ಸೇರಿಸಲಾಯಿತು. ಚಿಕಿತ್ಸೆಯ ದರಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು, ಪಡೆದ ಹಣಕ್ಕೆ ರಸೀದಿ ಕೊಡಬೇಕು ಎಂಬ ನಿಯಮವು ಮೊದಲಿನಿಂದಲೂ ಇದ್ದದ್ದೇ.

ಆ ನರ್ಸಿಂಗ್ ಹೋಮಿನ ಕೌಂಟರಿಗೆ ಮರಳೋಣ. ರೈತನ ಮನೆಯವರು ಅಲ್ಲಿ ಹೇಳಬೇಕಾದ ಮಾತು ಇಷ್ಟೆ: "ಕಾರ್ಡು ನಡೆಯದಿದ್ದರೆ ಬೇಡ. ಇದು ತುರ್ತು ಪ್ರಕರಣ. ಮೊದಲು ರೋಗಿಯನ್ನು ನೋಡಿ, ರಕ್ತ ನಿಲ್ಲಿಸಿ, ಉಸಿರಾಟ ಸರಿಪಡಿಸಿ. ಮುಂಗಡ ಕೇಳಬಾರದೆಂದು ಕಾಯಿದೆ ಇದೆ." ಜಗಳದ ಧ್ವನಿ ಬೇಕಿಲ್ಲ. ರೋಗಿಯು ಸ್ವಲ್ಪ ಸುಧಾರಿಸಿಕೊಂಡ ಮೇಲೆ 108 ವಾಹನವನ್ನು ಕರೆಸಿ, ಸರ್ಕಾರಿ ಆಸ್ಪತ್ರೆಗೋ ಯೋಜನೆಗೆ ಸೇರಿದ ಆಸ್ಪತ್ರೆಗೋ ಕರೆದೊಯ್ಯಬಹುದು. ಆದರೆ ಒಂದು ಮಾತನ್ನು ಮರೆಮಾಚಬಾರದು. ಮುಂಗಡ ಬೇಡವೆಂದರೆ ಚಿಕಿತ್ಸೆ ಉಚಿತವೆಂದು ಅರ್ಥವಲ್ಲ. ನೋಂದಾಯಿಸಿಕೊಳ್ಳದ ಆಸ್ಪತ್ರೆಯು ಮಾಡಿದ ಚಿಕಿತ್ಸೆಯ ಬಿಲ್ಲನ್ನು ಕುಟುಂಬವೇ ತೆರಬೇಕಾಗುತ್ತದೆ. ಕಾಯಿದೆಯು ಪ್ರಾಣಕ್ಕೆ ಕಾಲಾವಕಾಶ ಕೊಡುತ್ತದೆ, ಹಣಕ್ಕೆ ಮಾಫಿ ಕೊಡುವುದಿಲ್ಲ.

ಗಾಯಾಳುವನ್ನು ಕರೆತಂದವನು ಸಂಬಂಧಿಯಾಗಿರದೆ ದಾರಿಹೋಕನೇ ಆಗಿದ್ದರೆ? ನಮ್ಮ ಜನರಲ್ಲಿ ಪೊಲೀಸ್ ಠಾಣೆ, ಕೋರ್ಟು, ಸಾಕ್ಷಿ ಎಂಬ ಅಂಜಿಕೆ ಹಳೆಯದು. ರಸ್ತೆಯ ಬದಿಯಲ್ಲಿ ಬಿದ್ದವನನ್ನು ನೋಡಿಯೂ ಮುಂದೆ ಸಾಗುವವರೆಲ್ಲರೂ ಕಟುಕರಲ್ಲ. ಈ ಅಂಜಿಕೆಯನ್ನು ಹೋಗಲಾಡಿಸಲು ಕರ್ನಾಟಕ ವಿಧಾನಮಂಡಲವು 2016ರಲ್ಲಿ, ನೆರವಾಗುವವರ ರಕ್ಷಣೆಗಾಗಿಯೇ ಒಂದು ವಿಧೇಯಕವನ್ನು ಅಂಗೀಕರಿಸಿತು. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಅಲ್ಲಿಯೇ ಹಿಡಿದಿಟ್ಟುಕೊಳ್ಳುವುದಾಗಲಿ, ಚಿಕಿತ್ಸೆಯ ಹಣವನ್ನು ಅವನಿಂದ ಕೇಳುವುದಾಗಲಿ, ಠಾಣೆಗೆ ಅಲೆದಾಡಿಸುವುದಾಗಲಿ ಈಗ ಸಲ್ಲದು. ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ನಗದು ಕಟ್ಟದೆ ಚಿಕಿತ್ಸೆ ದೊರಕಿಸುವ ಯೋಜನೆಯನ್ನು ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ.

ಇನ್ನು ಕಾರ್ಡಿನ ವಿಚಾರಕ್ಕೆ ಬರೋಣ. ಇದರ ಬೇರು ಸಹಕಾರ ಚಳವಳಿಯಲ್ಲಿದೆ. ಸಹಕಾರ ಸಂಘಗಳ ಸದಸ್ಯರಾದ ರೈತರು ತಿಂಗಳಿಗೆ ಐದು ರೂಪಾಯಿಯಂತೆ ಕಟ್ಟಿ ಶಸ್ತ್ರಚಿಕಿತ್ಸೆಯ ರಕ್ಷಣೆ ಪಡೆಯುವ ಯಶಸ್ವಿನಿ ಯೋಜನೆಯು 2003ರಲ್ಲಿ ಕಾರ್ಯಾರಂಭ ಮಾಡಿತು. 2010ರಲ್ಲಿ ಗುಲಬರ್ಗಾ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಮೊದಲಾಯಿತು. ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ ಮೊದಲಾದ ದುಬಾರಿ ರೋಗಗಳಿಗೆ ಬಡ ಕುಟುಂಬದವರು ಹಣ ಕಟ್ಟದೆ ಚಿಕಿತ್ಸೆ ಪಡೆಯುವ ವ್ಯವಸ್ಥೆ ಅದಾಗಿತ್ತು. ಯೋಜನೆ ಜಾರಿಗೆ ಬಂದಿದ್ದ ಹಳ್ಳಿಗಳನ್ನೂ, ಗಡಿಯ ಈಚೆಗೆ ಇನ್ನೂ ಬಾರದಿದ್ದ ಹಳ್ಳಿಗಳನ್ನೂ ಹೋಲಿಸಿ ನಡೆಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಯೋಜನೆಗೊಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಉಂಟಾದ ಮರಣ ಪ್ರಮಾಣವು ಯೋಜನೆಯಿಲ್ಲದ ಹಳ್ಳಿಗಳಲ್ಲಿ ಶೇಕಡಾ 0.90 ಇದ್ದರೆ, ಯೋಜನೆಯಿದ್ದ ಹಳ್ಳಿಗಳಲ್ಲಿ ಶೇಕಡಾ 0.32 ಮಾತ್ರ ಇದ್ದಿತು. ಕೈಯಲ್ಲಿ ಹಣವಿಲ್ಲವೆಂದು ಮನೆಯಲ್ಲಿಯೇ ಕುಳಿತವರು ಎಷ್ಟು ಮಂದಿ ಎಂಬುದನ್ನು ಈ ಎರಡು ಅಂಕಿಗಳಿಂದ ಊಹಿಸಬಹುದು.

ಇಂತಹ ಬೇರೆ ಬೇರೆ ಯೋಜನೆಗಳನ್ನು ಒಂದುಗೂಡಿಸಿ 2018ರ ಮಾರ್ಚ್ 2ರಂದು ಆರೋಗ್ಯ ಕರ್ನಾಟಕ ಯೋಜನೆಯನ್ನು ಆರಂಭಿಸಲಾಯಿತು. ಅದೇ ವರ್ಷದ ಅಕ್ಟೋಬರ್ ಅಂತ್ಯದಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯೊಡನೆ ಸೇರಿತು. ಇದನ್ನು ನಡೆಸುವುದು ವಿಮಾ ಕಂಪನಿಯಲ್ಲ. ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಯಶಸ್ವಿನಿಯು 2018ರಲ್ಲಿ ಇದರೊಳಗೆ ವಿಲೀನವಾಗಿದ್ದು, 2022ರಲ್ಲಿ ಸಹಕಾರಿಗಳಿಗಾಗಿ ಪ್ರತ್ಯೇಕವಾಗಿ ಪುನರಾರಂಭವಾಯಿತು.

ಬಡತನ ರೇಖೆಗಿಂತ ಕೆಳಗಿನ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ. ಈ ಮೊತ್ತವು ಇಡೀ ಕುಟುಂಬಕ್ಕೆ ಸೇರಿದ್ದು. ತಲೆಗೆ ಇಷ್ಟೆಂದು ಹಂಚಿಕೆಯಿಲ್ಲ. ಉಳಿದ ಕುಟುಂಬಗಳ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳವಾಗಿದೆ. ಅವರಿಗೆ ಸರ್ಕಾರವು ನಿಗದಿಪಡಿಸಿದ ಪ್ಯಾಕೇಜ್ ದರದ ಶೇಕಡಾ 30ರಷ್ಟು ಮಾತ್ರ ದೊರೆಯುತ್ತದೆ. ವರ್ಷದ ಮಿತಿ 1.5 ಲಕ್ಷ ರೂಪಾಯಿ. ಒಂದು ಶಸ್ತ್ರಚಿಕಿತ್ಸೆಗೆ ಪ್ಯಾಕೇಜ್ ದರ 1 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಸರ್ಕಾರ ಕೊಡುವುದು 30,000 ರೂಪಾಯಿ. ಉಳಿದುದನ್ನು ಕುಟುಂಬವೇ ಹೊಂದಿಸಬೇಕು. ಕಾರ್ಡು ಇದೆಯೆಂಬ ಧೈರ್ಯದಿಂದ ಆಸ್ಪತ್ರೆಗೆ ಸೇರಿ ಕೊನೆಯ ದಿನ ದಿಗಿಲುಬೀಳುವ ಬದಲು ಸೇರುವ ದಿನವೇ ಈ ಲೆಕ್ಕವನ್ನು ಕೇಳಿ ತಿಳಿಯುವುದು ಒಳ್ಳೆಯದು. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರರೆಂಬ ಸಹಾಯಕರನ್ನು ನೇಮಿಸಿರುವುದು ಇದಕ್ಕಾಗಿಯೇ.

ಜನರು ಹೆಚ್ಚಾಗಿ ಎಡವುವುದು ಶಿಫಾರಸು ಪತ್ರದಲ್ಲಿ. ಕಾರ್ಡಿದ್ದವರು ನೇರವಾಗಿ ದೊಡ್ಡ ಖಾಸಗಿ ಆಸ್ಪತ್ರೆಗೆ ಹೋಗಿ ಮಲಗುವಂತಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಸಾಧ್ಯವಿದ್ದರೆ ಅಲ್ಲಿಯೇ ಆಗುತ್ತದೆ. ಇಲ್ಲವಾದರೆ ಅಲ್ಲಿನ ವೈದ್ಯರು ಶಿಫಾರಸು ಪತ್ರ ಬರೆದುಕೊಡುತ್ತಾರೆ. ಆ ಪತ್ರವನ್ನು ಹಿಡಿದು ಯೋಜನೆಗೆ ಸೇರಿದ, ತಮಗೆ ಒಪ್ಪುವ ಆಸ್ಪತ್ರೆಗೆ ಹೋಗಬಹುದು. ಸರ್ಕಾರಿ ಆಸ್ಪತ್ರೆಯಲ್ಲಿಯೇ ಆಗಬಹುದಾದ ಚಿಕಿತ್ಸೆಗೆ ಸಾರ್ವಜನಿಕರ ಹಣ ಹೊರಗೆ ಹೋಗಬಾರದೆಂಬುದು ಇದರ ಉದ್ದೇಶ. ಉದ್ದೇಶ ಸರಿಯಾದುದೇ. ಆದರೆ ದಿನಗೂಲಿ ಬಿಟ್ಟು ಎರಡು ಸಲ ಬಸ್ಸು ಹತ್ತಬೇಕಾದ ಬಡವನಿಗೆ ಇದು ಹೊರೆಯೆಂಬುದನ್ನೂ ಒಪ್ಪಿಕೊಳ್ಳಬೇಕು. ಕಾಯಿಲೆಯು ಉಲ್ಬಣವಾಗುವ ಮೊದಲೇ, ಅಂದರೆ ವೈದ್ಯರು ಶಸ್ತ್ರಚಿಕಿತ್ಸೆ ಬೇಕಾದೀತು ಎಂದ ದಿನವೇ, ಸರ್ಕಾರಿ ಆಸ್ಪತ್ರೆಗೆ ಹೋಗಿ ಪತ್ರ ಪಡೆದಿಟ್ಟುಕೊಂಡರೆ ಈ ಹೊರೆ ಎಷ್ಟೋ ಹಗುರಾಗುತ್ತದೆ. ಹೃದಯಾಘಾತದಂತಹ, ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಶಿಫಾರಸು ಪತ್ರ ಬೇಕಾಗಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರವಾಗಿ ಹೋಗಬಹುದು.

ಹೆರಿಗೆಯ ವಿಷಯದಲ್ಲಿ ಕಾರ್ಡಿನ ಲೆಕ್ಕವೇ ಬೇಡ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಅಗತ್ಯವಾದರೆ ಸಿಸೇರಿಯನ್, ಔಷಧಿ, ರಕ್ತ, ಊಟ, ಬಂದುಹೋಗುವ ವಾಹನ ಎಲ್ಲವೂ ಉಚಿತ.

ಕಾರ್ಡೂ ಇಲ್ಲದೆ, ತುರ್ತೂ ಅಲ್ಲದೆ, ಸ್ವಂತ ಹಣದಿಂದ ಖಾಸಗಿ ಆಸ್ಪತ್ರೆಗೆ ಸೇರುವವರಿಗೆ ಕಾಯಿದೆಯಿಂದ ಏನು ದೊರೆಯಿತು? ಹೆಚ್ಚೇನೂ ಇಲ್ಲ. ಎಲ್ಲ ಚಿಕಿತ್ಸೆಗಳಿಗೂ ಸರ್ಕಾರವೇ ದರ ನಿಗದಿ ಮಾಡಬೇಕು, ತಪ್ಪಿದವರಿಗೆ ಜೈಲುವಾಸವಾಗಬೇಕು ಎಂಬ ಸಲಹೆಗಳು 2017ರ ಮೂಲ ವಿಧೇಯಕದಲ್ಲಿದ್ದವು. ಖಾಸಗಿ ವೈದ್ಯರು ಇದನ್ನು ಪ್ರತಿಭಟಿಸಿ ಆ ನವೆಂಬರಿನಲ್ಲಿ ಮುಷ್ಕರ ಹೂಡಿದರು. ರಾಜ್ಯದಾದ್ಯಂತ ರೋಗಿಗಳು ಪರದಾಡಿದರು. ಕೊನೆಗೆ ಸರ್ಕಾರಿ ಯೋಜನೆಗಳಡಿ ನಡೆಯುವ ಚಿಕಿತ್ಸೆಗಳಿಗೆ ಮಾತ್ರ ದರ ನಿಗದಿಯ ಅಧಿಕಾರ ಉಳಿಯಿತು. ಸರ್ಕಾರಿ ಆಸ್ಪತ್ರೆಗಳನ್ನು ಕಾಯಿದೆಯಿಂದ ಹೊರಗಿಟ್ಟು ನಮ್ಮನ್ನು ಮಾತ್ರ ಕಟ್ಟಿಹಾಕುವುದೇಕೆ ಎಂದು ವೈದ್ಯರು ಕೇಳಿದ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ದರ ತಿಳಿಯದೆ ಸಹಿ ಹಾಕುವ ರೋಗಿಯ ಅಸಹಾಯಕತೆ ಹಾಗೆಯೇ ಉಳಿಯಿತೆಂಬುದೂ ನಿಜ. ಸದ್ಯಕ್ಕೆ ಅವನ ಕೈಯಲ್ಲಿರುವುದು ಎರಡೇ ಸಾಧನಗಳು: ದರಪಟ್ಟಿಯನ್ನು ಮೊದಲೇ ಕೇಳಿ ನೋಡುವುದು, ಪ್ರತಿಯೊಂದು ಪಾವತಿಗೂ ರಸೀದಿ ಪಡೆಯುವುದು.

ಈ ರಸೀದಿಗಳನ್ನು ಬಿಸಾಡಬಾರದು. ದೂರು ಕೊಡಬೇಕಾದ ಪ್ರಸಂಗ ಬಂದರೆ ಅವೇ ಆಧಾರ. ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರವಿದೆ. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು ಅದರ ಸದಸ್ಯ ಕಾರ್ಯದರ್ಶಿಗಳು. ತುರ್ತಿನಲ್ಲಿ ಮುಂಗಡ ಕೇಳಿದರೆ, ಚಿಕಿತ್ಸೆ ನಿರಾಕರಿಸಿದರೆ, ಶವವನ್ನು ತಡೆದರೆ, ಆಸ್ಪತ್ರೆಯ ಹೆಸರು, ದಿನಾಂಕ, ವೇಳೆ, ನಡೆದ ಮಾತು ಇವಿಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು, ಇರುವ ಕಾಗದಗಳ ಪ್ರತಿಯನ್ನು ಲಗತ್ತಿಸಿ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಕೊಡಬೇಕು. ಕೊಟ್ಟುದಕ್ಕೆ ಸ್ವೀಕೃತಿಯನ್ನು ಪಡೆಯಬೇಕು. ದೂರು ಬರೆಯುವಷ್ಟು ಓದು ಬಾರದವರಿಗೆ ಊರಿನ ಆಶಾ ಕಾರ್ಯಕರ್ತೆಯೋ ಶಾಲೆಯ ಮಾಸ್ತರರೋ ಬರೆದುಕೊಡಬಹುದು. ಶವವನ್ನು ತಡೆದ ಪ್ರಸಂಗದಲ್ಲಿ ಮಾತ್ರ ಕಾಗದಕ್ಕಾಗಿ ಕಾಯದೆ ಆ ಅಧಿಕಾರಿಗಳಿಗೆ ಅಲ್ಲಿಂದಲೇ ದೂರವಾಣಿ ಮಾಡುವುದು ಮೇಲು.