ಅಗ್ಗದ ಪೊಟ್ಟಣ, ತುಟ್ಟಿಯ ಆಹಾರ

ದೇಹಪೋಷಣೆಗೆ ಆಹಾರವೇ ಮೂಲಾಧಾರ. ಉಂಡ ಅನ್ನವೇ ರಕ್ತವಾಗಿ, ಮಾಂಸವಾಗಿ, ಎಲುಬಾಗಿ ಪರಿಣಮಿಸುತ್ತದೆ. ಬೆಳೆಯುವ ವಯಸ್ಸಿನ ಮಕ್ಕಳ ವಿಷಯದಲ್ಲಿ ಈ ಮಾತು ಇಮ್ಮಡಿ ಸತ್ಯ. ಆದುದರಿಂದ ಒಂದು ಸೀಮೆಯ ಮಕ್ಕಳು ದಿನನಿತ್ಯ ಏನನ್ನು ತಿನ್ನುತ್ತಾರೆಂಬುದು ಆ ಸೀಮೆಯ ಮುಂದಿನ ಪೀಳಿಗೆಯ ಪ್ರಶ್ನೆಯಾಗಿರುತ್ತದೆ.

ಯಾದಗಿರಿ, ಶಹಾಪುರ, ಸುರಪುರ ಭಾಗದ ಊರುಗಳಲ್ಲಿ ಕಿರಾಣಿ ಅಂಗಡಿಯ ಬಾಗಿಲಿಗೆ ತೋರಣದಂತೆ ತೂಗಾಡುವ ಬಣ್ಣಬಣ್ಣದ ಪೊಟ್ಟಣಗಳ ಸರಗಳು ಇಂದು ಎಲ್ಲರಿಗೂ ಚಿರಪರಿಚಿತವಾಗಿವೆ. ಕುರುಕಲು ತಿಂಡಿ, ಬಿಸ್ಕತ್ತು, ಕ್ಷಣದಲ್ಲಿ ಬೇಯುವ ನೂಡಲ್ಸ್, ಸಿಹಿ ಪಾನೀಯ ಮುಂತಾದವು ಎರಡು ರೂಪಾಯಿ, ಐದು ರೂಪಾಯಿ, ಹತ್ತು ರೂಪಾಯಿಗೆ ದೊರೆಯುತ್ತವೆ. ಪಟ್ಟಣಗಳ ಸೂಪರ್ ಮಾರ್ಕೆಟ್ಟುಗಳಲ್ಲಿ ಇವೇ ಪದಾರ್ಥಗಳು ದೊಡ್ಡ ಪೊಟ್ಟಣಗಳಲ್ಲಿ, ರಿಯಾಯತಿಯ ಫಲಕದ ಕೆಳಗೆ ಜೋಡಿಸಲ್ಪಟ್ಟಿರುತ್ತವೆ. ಇವು ಅಗ್ಗವೆಂಬ ಭಾವನೆ ಜನರಲ್ಲಿ ಬೇರೂರಿದೆ. ಆದರೆ ತೂಕ ಹಾಕಿ, ಲೆಕ್ಕ ಮಾಡಿ, ಗುಣವನ್ನು ಪರೀಕ್ಷಿಸಿ ನೋಡಿದಾಗ ಅಗ್ಗವಾಗಿರುವುದು ಪೊಟ್ಟಣವೇ ಹೊರತು ಅದರೊಳಗಿನ ಆಹಾರವಲ್ಲವೆಂಬುದು ತಿಳಿದುಬರುತ್ತದೆ.

ಈ ಸೀಮೆಗೆ ಈ ವಿಚಾರವೇಕೆ?

2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಅರ್ಧಕ್ಕಿಂತಲೂ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇಡೀ ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡಾ 35ರಷ್ಟಿತ್ತು. ಎತ್ತರದ ಕೊರತೆಯೆಂಬುದು ಕೇವಲ ನೋಟದ ವಿಷಯವಲ್ಲ. ದೀರ್ಘಕಾಲ ಸತ್ವಯುತ ಆಹಾರ ದೊರೆಯದಿದ್ದಾಗ, ಪದೇಪದೇ ರೋಗಗಳು ಬಾಧಿಸಿದಾಗ ದೇಹದ ಬೆಳವಣಿಗೆ ಕುಂಠಿತಗೊಳ್ಳುತ್ತದೆ. ಅದರೊಂದಿಗೆ ಬುದ್ಧಿಯ ವಿಕಾಸಕ್ಕೂ ಕಲಿಕೆಗೂ ಪೆಟ್ಟು ಬೀಳುತ್ತದೆ. ಬಾಲ್ಯದಲ್ಲಿ ಹೀಗೆ ಸೊರಗಿದವರು ಮುಂದೆ ಎಣ್ಣೆ ಸಕ್ಕರೆಗಳ ಆಹಾರಕ್ಕೆ ಒಗ್ಗಿಕೊಂಡರೆ ಮಧುಮೇಹ ಮತ್ತು ಹೃದಯರೋಗಗಳಿಗೆ ಸುಲಭವಾಗಿ ತುತ್ತಾಗುತ್ತಾರೆಂದು ವೈದ್ಯಶಾಸ್ತ್ರ ಹೇಳುತ್ತದೆ.

ಮಗುವಿನ ಹೊಟ್ಟೆ ಚಿಕ್ಕದು. ಶಾಲೆಗೆ ಹೊರಡುವ ಮುನ್ನ ಅದು ಒಂದು ಪೊಟ್ಟಣ ಕುರುಕಲನ್ನು ತಿಂದು ನೀರು ಕುಡಿದರೆ ಹಸಿವು ಅಡಗುತ್ತದೆ. ಮನೆಯ ರೊಟ್ಟಿ ಬುಟ್ಟಿಯಲ್ಲಿಯೇ ಉಳಿಯುತ್ತದೆ. ಹೊಟ್ಟೆ ತುಂಬಿದಂತೆ ಕಂಡರೂ ಬೆಳೆಯಲು ಬೇಕಾದ ಸತ್ವ ದೇಹಕ್ಕೆ ಸೇರಿರುವುದಿಲ್ಲ. ಅನುಕೂಲಸ್ಥರ ಮಗುವಿಗೆ ಇಂಥ ಪೊಟ್ಟಣ ಊಟದ ಮೇಲಿನ ಚಪಲ. ಕೂಲಿಕಾರರ ಮಗುವಿಗೆ ಅದು ಊಟದ ಬದಲಿಗೆ ಬಂದು ಕೂರುತ್ತದೆ. ಅಪಾಯವಿರುವುದು ಇಲ್ಲಿಯೇ.

ನೆಲದ ಆಹಾರ

ಭೀಮಾ ಕೃಷ್ಣೆಯರ ನಡುವಿನ ಈ ಎರೆಯ ನೆಲ ಆಹಾರದಲ್ಲಿ ಬಡವಾದುದಲ್ಲ. ಬಿಳಿಜೋಳ, ಸಜ್ಜೆ, ತೊಗರಿ, ಹೆಸರು, ಶೇಂಗಾ, ಅಗಸಿ, ಗುರೆಳ್ಳು ಇಲ್ಲಿಯ ಬೆಳೆಗಳು. ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ, ಶೇಂಗಾ ಹಿಂಡಿ, ಮಜ್ಜಿಗೆ, ಇವು ಸಾಮಾನ್ಯ ರೈತನ ಮನೆಯ ಊಟ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿಯೊಡನೆ ಉಣ್ಣುವ ಭಜ್ಜಿ ಪಲ್ಯದಲ್ಲಿ ಹಲವು ಬಗೆಯ ಸೊಪ್ಪು, ಕಾಯಿ, ಕಾಳುಗಳು ಒಂದೇ ಪಾತ್ರೆಯಲ್ಲಿ ಕೂಡಿರುತ್ತವೆ. ಧಾನ್ಯದೊಡನೆ ಬೇಳೆ, ಬೇಳೆಯೊಡನೆ ಸೊಪ್ಪು, ಅದರೊಡನೆ ಎಣ್ಣೆಕಾಳು ಎಂಬ ಈ ಹೊಂದಾಣಿಕೆಯನ್ನೇ ಇಂದಿನ ಆಹಾರವಿಜ್ಞಾನ ಸಮತೋಲ ಆಹಾರವೆಂದು ಕರೆಯುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದಲ್ಲಿ ಇದಕ್ಕೆ ಅಂಕಿಗಳ ಆಧಾರ ದೊರೆಯುತ್ತದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣ ಇರುತ್ತವೆ; ಸಜ್ಜೆಯಲ್ಲಿ ಕಬ್ಬಿಣ 6 ಮಿಲಿಗ್ರಾಮನ್ನೂ ಮೀರುತ್ತದೆ. ನೂರು ಗ್ರಾಂ ಮೈದಾಹಿಟ್ಟಿನಲ್ಲಿ ನಾರು 3 ಗ್ರಾಮಿಗಿಂತ ಕಡಿಮೆ, ಕಬ್ಬಿಣ 2 ಮಿಲಿಗ್ರಾಮಿಗಿಂತ ಕಡಿಮೆ. ಸಸಾರಜನಕ, ಅಂದರೆ ಪ್ರೋಟೀನು, ಜೋಳದಲ್ಲಿಯೂ ಮೈದಾದಲ್ಲಿಯೂ ಹೆಚ್ಚುಕಡಿಮೆ ಸಮವೇ, ಸುಮಾರು 10 ಗ್ರಾಂ. ಆದರೆ ಜೋಳದ ರೊಟ್ಟಿಯನ್ನು ಯಾರೂ ಬರಿದೇ ತಿನ್ನುವುದಿಲ್ಲ. ಅದರ ಜೊತೆಗೆ ನೂರು ಗ್ರಾಮಿಗೆ 20 ಗ್ರಾಮಿಗೂ ಹೆಚ್ಚು ಸಸಾರಜನಕವುಳ್ಳ ತೊಗರಿಬೇಳೆ ಅಥವಾ ಶೇಂಗಾ ಇರುತ್ತದೆ. ಬಿಸ್ಕತ್ತಿನಲ್ಲಿ ಮೈದಾಕ್ಕೆ ಜೊತೆಯಾಗುವುದು ಸಕ್ಕರೆ ಮತ್ತು ಎಣ್ಣೆ.

ಊಟದ ಈ ಕ್ರಮ ಸಡಿಲಗೊಂಡುದಕ್ಕೆ ಹಲವು ಕಾರಣಗಳಿವೆ. ಅಂದಿನ ಸುರಪುರ ತಾಲೂಕಿನ ನಾರಾಯಣಪುರದ ಬಳಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡಿತು. ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲಗಳಿಗೆ ಹರಿದುದರಿಂದ ಬರದ ಭೀತಿ ತಗ್ಗಿ ರೈತನ ಕೈಯಲ್ಲಿ ಹಣ ಆಡಿತು. ಇದು ನಾಡಿಗಾದ ಮಹದುಪಕಾರ. ಆದರೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಹತ್ತಿ ವಿಸ್ತರಿಸಿತು. ಪಡಿತರದಲ್ಲಿ ಅಕ್ಕಿ ಬಂದಿತು. 2013ರಿಂದ ಅನ್ನಭಾಗ್ಯ ಯೋಜನೆಯಿಂದ ಅದು ಬಡವರಿಗೆ ಇನ್ನಷ್ಟು ಸುಲಭವಾಯಿತು. ಹಸಿವು ಹಿಂಗಿತು, ಆದರೆ ತಟ್ಟೆಯಲ್ಲಿ ರೊಟ್ಟಿಯ ಸ್ಥಾನ ಕಿರಿದಾಯಿತು.

ಇದರೊಂದಿಗೆ ಸಮಯದ ಅಭಾವವೂ ಸೇರಿತು. ನಸುಕಿನಲ್ಲಿಯೇ ಹತ್ತಿ ಬಿಡಿಸಲು ಅಥವಾ ನಾಟಿಗೆ ಹೊರಡುವ ತಾಯಿಗೆ ಒಲೆ ಹೊತ್ತಿಸಿ ರೊಟ್ಟಿ ಬಡಿಯಲು ವೇಳೆಯಿರುವುದಿಲ್ಲ. ಎಷ್ಟೋ ಕುಟುಂಬಗಳ ದುಡಿಯುವ ಜನ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿನಂಥ ದೂರದ ನಗರಗಳಿಗೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜ ಅಜ್ಜಿಯರ ವಶದಲ್ಲಿ ಉಳಿಯುತ್ತಾರೆ. ಅಂಥ ಮನೆಗಳಲ್ಲಿ ಮಗುವಿನ ಅಂಗೈಯಲ್ಲಿಡುವ ಐದು ರೂಪಾಯಿಯ ನಾಣ್ಯ ಪ್ರೀತಿಯ ಗುರುತಾಗಿರುತ್ತದೆ. ಆ ತಾಯಂದಿರನ್ನಾಗಲಿ ಹಿರಿಯರನ್ನಾಗಲಿ ದೂಷಿಸುವುದು ನ್ಯಾಯವಲ್ಲ. ಆ ನಾಣ್ಯಕ್ಕೆ ಬದಲಾಗಿ ಮಗುವಿಗೆ ದೊರೆಯುವುದೇನು ಎಂಬುದನ್ನು ಅವರಿಗೆ ತಿಳಿಸಿಕೊಡುವುದು ತಿಳಿದವರ ಕರ್ತವ್ಯ.

ಅಗ್ಗವಾಗುವ ಬಗೆ

ಯಾವ ಪದಾರ್ಥವೂ ತಾನಾಗಿ ಅಗ್ಗವಾಗುವುದಿಲ್ಲ. ಬೆಲೆಯುಳ್ಳದ್ದನ್ನು ತೆಗೆದು ಬೆಲೆಯಿಲ್ಲದ್ದನ್ನು ತುಂಬಿದಾಗ ಅದು ಅಗ್ಗವಾಗುತ್ತದೆ. ಗೋಧಿಯ ತೌಡಿನಲ್ಲಿಯೂ ಮೊಳಕೆಯ ಭಾಗದಲ್ಲಿಯೂ ನಾರು, ಜೀವಸತ್ವ, ಖನಿಜಗಳು ಹೆಚ್ಚಾಗಿರುತ್ತವೆ. ಆದರೆ ಮೊಳಕೆಯಲ್ಲಿರುವ ಎಣ್ಣೆಯ ಅಂಶದಿಂದ ಹಿಟ್ಟು ಬೇಗ ಕೆಡುತ್ತದೆ. ಜೋಳದ ಹಿಟ್ಟನ್ನು ಗೃಹಿಣಿಯರು ವಾರಕ್ಕೆ ಬೇಕಾಗುವಷ್ಟೇ ಗಿರಣಿಯಲ್ಲಿ ಬೀಸಿಸಿ ತರುವುದಕ್ಕೂ ಹಿಟ್ಟು ಕೆಡುವ ಈ ಗುಣವೇ ಕಾರಣ. ತಿಂಗಳುಗಟ್ಟಲೆ ಗೋದಾಮಿನಲ್ಲಿ ಉಳಿಯಬೇಕಾದ ಸರಕಿಗೆ ಇಂಥ ಜೀವಂತ ಹಿಟ್ಟು ಒಗ್ಗುವುದಿಲ್ಲ. ಆದುದರಿಂದ ತೌಡನ್ನೂ ಮೊಳಕೆಯನ್ನೂ ತೆಗೆದ ಮೈದಾ ಬಳಕೆಗೆ ಬಂದಿತು.

ಎಣ್ಣೆಯ ಕಥೆಯೂ ಇದೇ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆಗಳು ದುಬಾರಿ. ಅಗ್ಗದ ತಿಂಡಿಗಳಲ್ಲಿ ಹೆಚ್ಚಾಗಿ ಕಾಣುವುದು ಇಂಡೋನೇಷ್ಯಾ, ಮಲೇಷ್ಯಾಗಳಿಂದ ಹಡಗಿನಲ್ಲಿ ಬರುವ ತಾಳೆ ಎಣ್ಣೆ. ಅದರ ಸುಮಾರು ಅರ್ಧ ಭಾಗ ರಕ್ತನಾಳಗಳಿಗೆ ಹಿತವಲ್ಲದ ಸಂತೃಪ್ತ ಕೊಬ್ಬು. ವನಸ್ಪತಿಯಂಥ ಗಟ್ಟಿಗೊಳಿಸಿದ ಎಣ್ಣೆಗಳಲ್ಲಿ ಉತ್ಪತ್ತಿಯಾಗುವ ಟ್ರಾನ್ಸ್ ಕೊಬ್ಬು ಇನ್ನೂ ಹೆಚ್ಚು ಹಾನಿಕರ. 2022ರ ಜನವರಿಯಿಂದ ಇದನ್ನು ಶೇಕಡಾ 2ಕ್ಕೆ ಮಿತಿಗೊಳಿಸಿದ ನಿಯಮ ದೇಶದಲ್ಲಿ ಜಾರಿಗೆ ಬಂದಿರುವುದು ಸಮಾಧಾನದ ಸಂಗತಿ. ಸತ್ವ ಕಳೆದುಕೊಂಡ ಹಿಟ್ಟಿಗೆ ರುಚಿಯಿರುವುದಿಲ್ಲ. ಆ ಕೊರತೆಯನ್ನು ಉಪ್ಪು, ಸಕ್ಕರೆ, ಬಣ್ಣ, ಕೃತಕ ಸುವಾಸನೆಗಳಿಂದ ಮುಚ್ಚಲಾಗುತ್ತದೆ. ಪ್ರೌಢ ವ್ಯಕ್ತಿಗೂ ದಿನಕ್ಕೆ 5 ಗ್ರಾಂ ಒಳಗಿನ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಾಮಾನ್ಯ ಸಿಹಿ ಪಾನೀಯದ ನೂರು ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಸಕ್ಕರೆಯಿರುತ್ತದೆ. ಇನ್ನೂರು ಮಿಲಿಲೀಟರಿನ ಚಿಕ್ಕ ಸೀಸೆಯೊಂದರಲ್ಲಿ ಮಗು ನಾಲ್ಕೈದು ಚಮಚ ಸಕ್ಕರೆಯನ್ನು ಕುಡಿದಂತಾಗುತ್ತದೆ.

ಇನ್ನು ಬೆಲೆಯ ಲೆಕ್ಕ. ಐದು ರೂಪಾಯಿಯ ಪೊಟ್ಟಣದ ಮೇಲೆ 12 ಗ್ರಾಂ ಎಂದು ಮುದ್ರಿತವಾಗಿದ್ದರೆ ಅದರ ಬೆಲೆ ಕಿಲೋಗ್ರಾಮಿಗೆ ಸುಮಾರು 417 ರೂಪಾಯಿಯಾಯಿತು. ಸಂತೆಯಲ್ಲಿ ಶೇಂಗಾ ಬೀಜ ಸಾಮಾನ್ಯವಾಗಿ ಇದರ ಅರ್ಧ ಬೆಲೆಯೊಳಗೆ ದೊರೆಯುತ್ತದೆ, ಜೋಳದ ಬೆಲೆಯಂತೂ ಇದಕ್ಕೆ ಸಾಟಿಯೇ ಅಲ್ಲ. ಬಡವನಿಗೆ ಅಗ್ಗವಾಗಿ ಕಂಡ ಪೊಟ್ಟಣ ಊರಿನಲ್ಲಿ ದೊರೆಯುವ ಧಾನ್ಯ ಕಾಳುಗಳಿಗಿಂತ ತುಟ್ಟಿಯಾದುದು ಹೀಗೆ. ಈ ಲೆಕ್ಕವನ್ನು ಆರನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲನು.

ಬಣ್ಣದ ಮೋಸ, ಕಾನೂನಿನ ಕಾವಲು

ಕಲಬೆರಕೆಯನ್ನು ತಡೆಯಲು 1954ರಲ್ಲಿಯೇ ಕಾಯಿದೆಯಾಗಿತ್ತು. ಅದರ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ. ಕೆಲವೇ ಕೃತಕ ಬಣ್ಣಗಳನ್ನು, ಅವುಗಳನ್ನೂ ನಿಗದಿತ ತಿನಿಸುಗಳಲ್ಲಿ ನಿಗದಿತ ಮಿತಿಯಲ್ಲಿ ಮಾತ್ರ, ಬಳಸಲು ಅನುಮತಿಯಿದೆ. ಆದರೂ ನಿಷಿದ್ಧ ಬಣ್ಣಗಳ ಹಾವಳಿ ನಿಂತಿಲ್ಲ. ಬೇಳೆ ಹಳದಿಯಾಗಿ ಹೊಳೆಯಲೆಂದು ಮೆಟಾನಿಲ್ ಯೆಲ್ಲೋ ಎಂಬ ಬಣ್ಣವನ್ನು ಬೆರೆಸುವ ವಂಚನೆ ಹಳೆಯದು. ತೊಗರಿ ಬೆಳೆಯುವ ಸೀಮೆಯ ಜನ ಅತಿಯಾಗಿ ಹೊಳೆಯುವ ಬೇಳೆಯನ್ನು ಕಂಡರೆ ಸಂಶಯಪಡುವುದು ಲೇಸು.

2024ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿಯೂ, ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15ರಲ್ಲಿಯೂ ಅಸುರಕ್ಷಿತ ಕೃತಕ ಬಣ್ಣಗಳು ಕಂಡುಬಂದವು. ಬಟ್ಟೆಗೆ ಹಾಕುವ ರೊಡಮಿನ್-ಬಿ ಬಣ್ಣವೂ ಅವುಗಳಲ್ಲಿತ್ತು. ಅದೇ ತಿಂಗಳು ಈ ತಿನಿಸುಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಲಾಯಿತು. ಇವು ಜಾತ್ರೆ ಸಂತೆಗಳಲ್ಲಿ ಮಕ್ಕಳು ಮುಗಿಬಿದ್ದು ಕೊಳ್ಳುವ ತಿನಿಸುಗಳೆಂಬುದನ್ನು ಮರೆಯಲಾಗದು.

ಪೊಟ್ಟಣದ ವಿಷಯದಲ್ಲಿ ಒಂದು ಅನುಕೂಲವಿದೆ: ಅದರ ಮೈಮೇಲೆ ಬರಹವಿರುತ್ತದೆ. ಅದರಲ್ಲಿ ಬಳಸಿದ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮೊದಲು ಬರೆದದ್ದು ಎಲ್ಲಕ್ಕಿಂತ ಹೆಚ್ಚಾಗಿದೆಯೆಂದು ಅರ್ಥ. ಮುಖದ ಮೇಲೆ ಹಣ್ಣಿನ ಚಿತ್ರವಿದ್ದು ಬೆನ್ನಿನ ಮೇಲೆ ಮೊದಲ ಹೆಸರು ಸಕ್ಕರೆಯಾಗಿದ್ದರೆ ಯಾವುದನ್ನು ನಂಬಬೇಕೆಂಬುದು ಸ್ಪಷ್ಟ. 102 ಮತ್ತು 110 ಎಂಬ ಅಂಕಿಗಳು ಕೃತಕ ಹಳದಿ ಬಣ್ಣಗಳನ್ನೂ, 211 ಕೆಡದಂತೆ ತಡೆಯುವ ಬೆಂಜೊಯೇಟನ್ನೂ ಸೂಚಿಸುತ್ತವೆ. ಇವು ಅನುಮತಿ ಪಡೆದವು, ವಿಷಗಳಲ್ಲ. ಆದರೆ ಇಂಥ ಅಂಕಿಗಳು ಸಾಲುಗಟ್ಟಿರುವಲ್ಲಿ ಆಹಾರದ ಅಂಶ ಕಡಿಮೆಯೆಂದು ಊಹಿಸಬಹುದು.

ಇಲ್ಲಿ ಒಂದು ನ್ಯೂನತೆಯೂ ಉಂಟು. ನೂರು ಚದರ ಸೆಂಟಿಮೀಟರಿಗೆ ಮೀರದ ಚಿಕ್ಕ ಪೊಟ್ಟಣಗಳ ಮೇಲೆ ಪದಾರ್ಥಗಳ ಪಟ್ಟಿಯನ್ನೂ ಪೋಷಕಾಂಶಗಳ ವಿವರವನ್ನೂ ಮುದ್ರಿಸದಿರಲು ನಿಯಮ ವಿನಾಯಿತಿ ನೀಡುತ್ತದೆ. ಅವುಗಳನ್ನು ತುಂಬಿದ ದೊಡ್ಡ ಕಟ್ಟಿನ ಮೇಲಿದ್ದರೆ ಸಾಕು. ಆ ಕಟ್ಟು ಅಂಗಡಿಕಾರನ ಬಳಿಯಲ್ಲಿಯೇ ಉಳಿಯುತ್ತದೆ. ಒಂದೆರಡು ರೂಪಾಯಿಯ ಸರಕನ್ನು ಕೊಳ್ಳುವ ಮಗುವಿಗೆ, ಎಲ್ಲರಿಗಿಂತ ಹೆಚ್ಚು ತಿಳಿಯಬೇಕಾದವನಿಗೆ, ಓದಲು ಏನೂ ದೊರೆಯುವುದಿಲ್ಲ.

ಪೊಟ್ಟಣದಲ್ಲಿರುವುದೆಲ್ಲವೂ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅಯೋಡಿನ್ ಬೆರೆತ ಉಪ್ಪು ಗಳಗಂಡರೋಗವನ್ನು ತಡೆಯಿತು. ಕಾಯಿಸಿ ಶುದ್ಧಗೊಳಿಸಿದ ಪೊಟ್ಟಣದ ಹಾಲು ಪಟ್ಟಣಿಗರಿಗೆ ವರದಾನವಾಗಿದೆ. ಸಂಸ್ಕರಣೆಯಿಂದ ಆಹಾರ ಕೆಡದೆ ಉಳಿದರೆ ಅದು ಉಪಕಾರಿ. ಸಂಸ್ಕರಣೆಯ ಹೆಸರಿನಲ್ಲಿ ಆಹಾರವೇ ಮಾಯವಾದರೆ ಅದು ಅಪಕಾರಿ. ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಕೊಬ್ಬು, ಸಕ್ಕರೆ, ಉಪ್ಪುಗಳು ಅಧಿಕವಾದ ಅತಿಸಂಸ್ಕರಿತ ಆಹಾರವನ್ನು ಆದಷ್ಟು ಕಡಿಮೆ ಮಾಡಬೇಕೆಂದು ತಿಳಿಸಿದೆ.

ಮಾಡಬೇಕಾದುದು

ಪರಿಹಾರ ದೂರದಲ್ಲಿಲ್ಲ. ಖಡಕ್ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ವಿರಾಮದ ದಿನ ಬಡಿದಿಟ್ಟರೆ ಅವಸರದ ಬೆಳಗಿಗೆ ಶೇಂಗಾ ಹಿಂಡಿಯೊಡನೆ ಸಿದ್ಧ ಆಹಾರವಾಗುತ್ತದೆ. ಹುರಿದ ಶೇಂಗಾ, ಪುಠಾಣಿ, ಬೆಲ್ಲ, ಬಾಳೆಹಣ್ಣುಗಳಿಗೆ ಒಲೆಯ ಹಂಗೂ ಇಲ್ಲ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಮೊದಲು ಆರಂಭವಾದ ಅಕ್ಷರ ದಾಸೋಹ ಯೋಜನೆಯ ಬಿಸಿಯೂಟವನ್ನು ಮಕ್ಕಳು ಹಸಿದು ಉಣ್ಣುವಂತಾಗಬೇಕಾದರೆ ಅದಕ್ಕೂ ಮುನ್ನ ಕುರುಕಲಿನಿಂದ ಹೊಟ್ಟೆ ತುಂಬಿರಬಾರದು. ಶಾಲೆಯ ಸುತ್ತಮುತ್ತಲಿನ ಅಂಗಡಿಕಾರರು ಶೇಂಗಾ ಚಿಕ್ಕಿಯನ್ನೂ ಹಣ್ಣನ್ನೂ ಮುಂದೆ ಇಟ್ಟು ಮಾರಿದರೆ ಅವರ ವ್ಯಾಪಾರಕ್ಕೂ ನಷ್ಟವಿಲ್ಲ. ಸಂಶಯ ಬಂದ ಪದಾರ್ಥವನ್ನು ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳುವ ಹಕ್ಕನ್ನು ಕಾನೂನು ಕೊಂಡವನಿಗೂ ಕೊಟ್ಟಿದೆ.

ವಿಜ್ಞಾನದ ತರಗತಿಯಲ್ಲಿ ಖಾಲಿ ಪೊಟ್ಟಣಗಳನ್ನೇ ಪಾಠೋಪಕರಣಗಳನ್ನಾಗಿ ಮಾಡಿ ತೂಕ, ಬೆಲೆ, ಪದಾರ್ಥಗಳ ಪಟ್ಟಿಗಳನ್ನು ಮಕ್ಕಳಿಂದ ಓದಿಸಿದರೆ ಆ ಪಾಠ ಸಂಜೆಯೊಳಗೆ ಮನೆಮನೆಗೆ ತಲುಪುತ್ತದೆ. ಓದಲು ಬಾರದ ತಾಯಿಗೆ ಓದಿ ಹೇಳುವ ಮಗನೋ ಮಗಳೋ ಇಂದು ಹೆಚ್ಚಿನ ಮನೆಗಳಲ್ಲಿದ್ದಾರೆ. ಮಠಗಳ ಪ್ರಸಾದ ನಿಲಯಗಳಲ್ಲಿ ತಟ್ಟೆಯಲ್ಲಿ ಒಂದು ಅಗುಳನ್ನೂ ಚೆಲ್ಲದಂತೆ ಉಣ್ಣುವ ಶಿಸ್ತನ್ನು ಕಲಿತ ವಿದ್ಯಾರ್ಥಿಗಳು ಅದೇ ಎಚ್ಚರವನ್ನು ಅಂಗಡಿಯ ಮುಂದೆಯೂ ತೋರಿದರೆ ಐದು ರೂಪಾಯಿಯ ನಾಣ್ಯ ಸಾರ್ಥಕವಾದೀತು. ಈ ಸೀಮೆಯ ಮಕ್ಕಳು ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದು ನಿಲ್ಲುವ ದಿನವೂ ಬೇಗ ಬಂದೀತು.