ಕೋಟೆ ಎಂದರೆ ಕಲ್ಲೇ? ಕೊಡಗಿನ ಮಣ್ಣು ಬೇರೆ ಕಥೆ ಹೇಳುತ್ತದೆ

ಮಡಿಕೇರಿಗೆ ಬಂದವರು ರಾಜಾಸೀಟಿನ ಜೊತೆಗೆ ಕೋಟೆಗೂ ಒಂದು ಸುತ್ತು ಹಾಕುತ್ತಾರೆ. ಗಾರೆಯ ಜೋಡಿ ಆನೆಗಳ ಎದುರು ಫೋಟೊ ತೆಗೆಸಿಕೊಂಡು, ದಪ್ಪ ಗೋಡೆ ನೋಡಿ ಬೆರಗಾಗಿ ಹೊರಡುತ್ತಾರೆ. ಆದರೆ ಕೊಡಗನ್ನು ಕಾಯ್ದ ಕೋಟೆಗಳಲ್ಲಿ ಹೆಚ್ಚಿನವು ಕಣ್ಣಿಗೆ ಬೀಳುವುದೇ ಇಲ್ಲ. ಅವು ಕಾಫಿ ತೋಟದೊಳಗೆ, ಕಾಡಿನೊಳಗೆ, ಪೊದೆ ಬೆಳೆದು ಮಲಗಿವೆ.

ನಂಬಿಕೆ: ಕೋಟೆ ಎಂದರೆ ಕಲ್ಲಿನ ಕಟ್ಟಡ. ಮಣ್ಣಿನದು ಗತಿ ಇಲ್ಲದವರ ಏರ್ಪಾಡು.

ಸತ್ಯ: ಹಾಲೇರಿಯಲ್ಲಿದ್ದ ರಾಜಧಾನಿಯನ್ನು ಕೊಡಗಿನ ಹಾಲೇರಿ ವಂಶದ ಅರಸ ಮುದ್ದುರಾಜ 1681ರಲ್ಲಿ ಮಡಿಕೇರಿಗೆ ತಂದ. ಆತ ಇಲ್ಲಿ ಕಟ್ಟಿಸಿದ ಮೊದಲ ಕೋಟೆ ಮಣ್ಣಿನದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕೋಟೆ ಕಟ್ಟುವುದರಲ್ಲಿ ಜಗತ್ತಿಗೇ ಹೆಸರಾದ ನಾರ್ಮನ್ನರೂ ಹೀಗೇ ಆರಂಭಿಸಿದವರು. 1066ರಲ್ಲಿ ಇಂಗ್ಲೆಂಡಿಗೆ ದಂಡೆತ್ತಿ ಬಂದ ವಿಲಿಯಮ್‌ನ ಜನ ಮೊದಲು ಹಿಡಿದದ್ದು ಗುದ್ದಲಿಯನ್ನು. ಹೇಸ್ಟಿಂಗ್ಸ್‌ನಲ್ಲಿ ಅವರು ದಿಬ್ಬಕ್ಕೆ ಮಣ್ಣು ಏರಿಸುತ್ತಿರುವ ಚಿತ್ರ ಬಾಯೂ ಊರಿನ ಪ್ರಸಿದ್ಧ ಕಸೂತಿ ಪಟದಲ್ಲಿದೆ. ಸುತ್ತ ಕಂದಕ ತೋಡುವುದು, ಬಂದ ಮಣ್ಣನ್ನು ಒಳಗೆ ಗುಡ್ಡೆ ಹಾಕುವುದು, ಅದರ ನೆತ್ತಿಯಲ್ಲಿ ಮರದ ಗೋಪುರ, ಬುಡದಲ್ಲಿ ಬೇಲಿ ಹಾಕಿದ ಅಂಗಳ. ಕಲ್ಲುಕುಟಿಗರು ಬೇಡ, ದೂರದಿಂದ ಬಂಡೆ ಸಾಗಿಸುವ ಗೋಜಿಲ್ಲ. ಊರಿನವರನ್ನು ಬಿಟ್ಟಿ ದುಡಿಮೆಗೆ ಹಿಡಿದರೆ ಕೆಲಸ ಬೇಗ ಮುಗಿಯುತ್ತದೆ. ಕಲ್ಲು ಬಂದದ್ದು ಹೆಚ್ಚಿನ ಕಡೆ ಆಮೇಲೆ. ಅದೂ ಸಲೀಸಾಗಿ ಅಲ್ಲ. ಹೊಸದಾಗಿ ಸುರಿದ ಮಣ್ಣು ಕಲ್ಲುಗೋಪುರದ ಭಾರ ತಾಳದು. ಹಾಗಾಗಿ ಎಷ್ಟೋ ದಿಬ್ಬಗಳ ಅಂಚಿನಲ್ಲಿ ಬಳೆಯಂತೆ ಗೋಡೆ ಎಬ್ಬಿಸಿ ಸುಮ್ಮನಾದರು.

ನಂಬಿಕೆ: ತೋಟದ ಅಂಚಿನ ಆ ಆಳದ ಚರಂಡಿ ಆನೆ ಬಾರದಂತೆ ತೋಡಿದ್ದು.

ಸತ್ಯ: ಅರಣ್ಯ ಇಲಾಖೆಯ ಆನೆ ಕಂದಕಗಳು ಕೊಡಗಿನಲ್ಲಿ ಬೇಕಾದಷ್ಟಿವೆ, ನಿಜ. ಆದರೆ ಚರಂಡಿಯ ಪಕ್ಕದಲ್ಲಿ ದೊಡ್ಡ ಮರಗಳು ಬೇರುಬಿಟ್ಟ ಏರಿಯೊಂದು ಗುಡ್ಡ ಹತ್ತಿ ಇಳಿದು ಮುಂದೆ ಸಾಗಿದ್ದರೆ ಅದು ಕಡಂಗ, ಎಂದರೆ ಏರಿ–ಕಂದಕಗಳ ಹಳೆಯ ಕಾವಲು ಸಾಲು, ಇರಬಹುದು. ಏರಿಯ ಎತ್ತರ 15ರಿಂದ 25 ಅಡಿ, ಕಂದಕದ ಆಳ ಸುಮಾರು 10 ಅಡಿ, ಅಗಲ 8ರಿಂದ 10 ಅಡಿ ಎಂದು ಬ್ರಿಟಿಷರ ಕಾಲದ ವಿವರಣೆಗಳು ಹೇಳುತ್ತವೆ. ಎಲ್ಲ ಕಡಂಗಗಳನ್ನೂ ಸಾಲಾಗಿ ಜೋಡಿಸಿದರೆ 500–600 ಮೈಲಿ ಆಗುತ್ತದೆಂದು ಆಗ ಅಂದಾಜು ಮಾಡಿದ್ದರು. 9 ಮತ್ತು 10ನೇ ಶತಮಾನದ ಶಾಸನಗಳಲ್ಲೇ ಕಡಂಗದ ಉಲ್ಲೇಖವಿದೆ. ಎಂದರೆ ಹೇಸ್ಟಿಂಗ್ಸ್‌ನಲ್ಲಿ ಮಣ್ಣು ಅಗೆಯುವ ಮೊದಲೇ, ಹಾಲೇರಿ ಅರಸರು ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಮುಂಚೆಯೇ ಇವು ಇದ್ದವು.

ಕಡಂಗ ಯುದ್ಧಕ್ಕೆ ಮಾತ್ರ ಎನ್ನುವುದೂ ಅರ್ಧ ಸತ್ಯ. ನೂರಾರು ಮೈಲಿ ಉದ್ದಕ್ಕೂ ಕಾವಲಿಗೆ ಆಳುಗಳನ್ನು ನಿಲ್ಲಿಸುವಷ್ಟು ಜನ ಈ ನಾಡಿನಲ್ಲಿ ಎಂದೂ ಇರಲಿಲ್ಲ. ನಾಡು ನಾಡಿಗೂ ಗಡಿ ಹಾಕುವುದು, ನುಗ್ಗಿ ಬರುವವರನ್ನು ನಿಧಾನಗೊಳಿಸುವುದು, ಬೇಕಾದ ಕಡೆ ನಿಂತು ಕಾದುವುದು: ಮೂರೂ ಕೆಲಸ ಒಂದೇ ಅಗೆತದಲ್ಲಿ ಆದವು ಎಂದು ನನಗನ್ನಿಸುತ್ತದೆ. ಕೊಡವ ಕುಟುಂಬಗಳ ಮೂಲಮನೆಗಳಾದ ಹಳೆಯ ಐನ್‌ಮನೆಗಳಿಗೆ ಹೋಗುವ ಓಣಿಯನ್ನೇ ನೋಡಿ. ಎರಡೂ ಕಡೆ ಎತ್ತರದ ದಂಡೆ, ನಡುವೆ ತಿರುವು. ನೆಂಟರಿಗೆ ಅದು ದಾರಿ, ಹಗೆಗೆ ಬಲೆ.

ನಂಬಿಕೆ: ಮಡಿಕೇರಿ ಕೋಟೆ ಟಿಪ್ಪು ಕಟ್ಟಿಸಿದ್ದು.

ಸತ್ಯ: ಮುದ್ದುರಾಜನ ಮಣ್ಣಿನ ಕೋಟೆಯ ಜಾಗದಲ್ಲಿ ಕಲ್ಲಿನ ಕೋಟೆ ಎಬ್ಬಿಸಿ ಜಾಫರಾಬಾದ್ ಎಂದು ಹೆಸರಿಟ್ಟದ್ದು ಟಿಪ್ಪುವೇ. ಆದರೆ ಜಾಗ ಆರಿಸಿದವನು ಆತನಲ್ಲ. 1790ರಲ್ಲಿ ಕೋಟೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರನ ವಶವಾಯಿತು. ಬೆಟ್ಟದ ನೆತ್ತಿಗೆ ಹೊಂದಿಕೊಂಡ ಅಂಕುಡೊಂಕು ಷಟ್ಕೋನ, ಮೂಲೆಗಳಲ್ಲಿ ದುಂಡು ಬುರುಜು, ನೇರವಾಗಿ ಒಳನುಗ್ಗಲು ಬಿಡದ ಸುತ್ತುಬಳಸಿನ ಬಾಗಿಲು. ಒಳಗಿನ ಅರಮನೆಯನ್ನು ಬ್ರಿಟಿಷರ ಕಟ್ಟಡವೆಂದುಕೊಳ್ಳುವವರಿದ್ದಾರೆ. ಅದನ್ನು ಇಟ್ಟಿಗೆ ಗಾರೆಯಲ್ಲಿ ಹೊಸದಾಗಿ ಕಟ್ಟಿಸಿದವನು ಆಮೇಲಿನ ಅರಸ ಲಿಂಗರಾಜೇಂದ್ರ, 1812–14ರಲ್ಲಿ. ಬ್ರಿಟಿಷರು ಸೇರಿಸಿದ್ದು ಚರ್ಚು, ಗಡಿಯಾರ ಗೋಪುರದಂಥವನ್ನು.

ನಂಬಿಕೆ: ಆಪತ್ತಿನಲ್ಲಿ ಕೊಡಗನ್ನು ಕಾಯ್ದದ್ದು ಈ ಕಲ್ಲಿನ ಗೋಡೆ.

ಸತ್ಯ: 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಹಲವು ದಿಕ್ಕಿನಿಂದ ಕೊಡಗಿಗೆ ನುಗ್ಗಿತು. ಉತ್ತರದಿಂದ ಬಂದ ತುಕಡಿಗೆ ಏಪ್ರಿಲ್ 3ರಂದು ಎದುರಾದದ್ದು ಕಾಡುದಾರಿಗೆ ಅಡ್ಡ ಹಾಕಿದ ಮರಮಟ್ಟಿನ ತಡೆ. ಅದರ ಹಿಂದೆ ನಿಂತ ಕೊಡಗಿನವರ ಗುಂಡಿಗೆ ಆ ತುಕಡಿ ತುಂಬ ಜನರನ್ನು ಕಳೆದುಕೊಂಡು ಹಿಮ್ಮೆಟ್ಟಿತು. 55ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಮಿಲ್ ಅಲ್ಲೇ ಸತ್ತ. ಇತ್ತ ಮಡಿಕೇರಿಯ ಕಲ್ಲಿನ ಕೋಟೆಯ ಮೇಲೆ ಏಪ್ರಿಲ್ 6ರಂದು ಕಾದಾಟವಿಲ್ಲದೆ ಬ್ರಿಟಿಷ್ ಬಾವುಟ ಏರಿತು. ರಾಜ ಚಿಕ್ಕವೀರರಾಜೇಂದ್ರ ಅಷ್ಟರಲ್ಲಿ ನಾಲ್ಕುನಾಡು ಅರಮನೆ ಸೇರಿಕೊಂಡಿದ್ದ. ಕೆಲವೇ ದಿನಗಳಲ್ಲಿ ಶರಣಾದ. ಕೋಟೆ ಬಿದ್ದದ್ದು ಗೋಡೆ ಸಡಿಲವಾಗಿ ಅಲ್ಲ, ಒಳಗೆ ನಿಂತು ಕಾದಾಡುವ ಮನಸ್ಸಿಲ್ಲದೆ.

ಮಡಿಕೇರಿ ಕೋಟೆಗೆ ಪುರಾತತ್ವ ಇಲಾಖೆಯ ಫಲಕವಿದೆ, ನೋಡಲು ಜನ ಬರುತ್ತಾರೆ. ತೋಟದೊಳಗಿನ ಕಡಂಗವನ್ನು ಕೇಳುವವರಿಲ್ಲ. ನಿಮ್ಮ ಜಮೀನಿನಲ್ಲಿ ಅಂಥದ್ದಿದ್ದರೆ, ನೆಲ ಸಮ ಮಾಡಲು ಜೆಸಿಬಿ ಕರೆಸುವ ಮುಂಚೆ ಅದರ ಉದ್ದಕ್ಕೂ ಒಮ್ಮೆ ನಡೆದು ನೋಡಿ, ನಾಲ್ಕು ಚಿತ್ರ ತೆಗೆದಿಟ್ಟುಕೊಳ್ಳಿ, ಊರಿನ ಹಿರಿಯರನ್ನು ಕೇಳಿ. ಸಾಧ್ಯವಾದರೆ ಜೆಸಿಬಿಯನ್ನು ವಾಪಸ್ ಕಳಿಸಿ.