ಪದವಿ ಮುಗಿದ ಮೇಲೆ ನರ್ಸಿಂಗ್: ಹತ್ತಿರದ ದಾರಿ ಉಂಟೇ?

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ಅದು ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅವಸರಪಟ್ಟು ಒಡೆದರೆ ಒಳಗಿನ ನೀರು ಆರಿರುವುದಿಲ್ಲ. ತಿಪಟೂರಿನ ಮಾರುಕಟ್ಟೆಯಲ್ಲಿ ಅದನ್ನು ಕೊಬ್ಬರಿ ಎಂದು ಯಾರೂ ಕೊಳ್ಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳ ಕಾಲೇಜು ಶುಲ್ಕವೂ ಇದೇ ಅಟ್ಟದಿಂದ ಇಳಿಯಬೇಕು. ಹೀಗಿರುವಾಗ ಬಿ.ಎ. ಅಥವಾ ಬಿ.ಕಾಂ. ಮುಗಿಸಿದ ಮಗಳು ‘ನಾನು ನರ್ಸಿಂಗ್ ಓದ್ತೀನಿ’ ಎಂದರೆ ಅಪ್ಪನ ಮೊದಲ ಪ್ರಶ್ನೆ ಒಂದೇ: ‘ಇನ್ನೂ ಎಷ್ಟು ವರ್ಷಾನಮ್ಮ?’

ಅಮೆರಿಕದಲ್ಲಿರುವ ನೆಂಟರ ಫೋನು ಈ ಪ್ರಶ್ನೆಯನ್ನು ಇನ್ನಷ್ಟು ಗೋಜಲಾಗಿಸುವುದುಂಟು. ‘ಇಲ್ಲಿ ಬೇರೆ ಡಿಗ್ರಿ ಆದವರು ಒಂದೂವರೆ ವರ್ಷದಲ್ಲಿ ನರ್ಸ್ ಆಗ್ತಾರೆ’ ಎಂಬ ಮಾತು ಸುಳ್ಳಲ್ಲ. ಆದರೆ ಅದು ಇಲ್ಲಿಗೆ ಅನ್ವಯಿಸುವುದೂ ಇಲ್ಲ.

ಅಲ್ಲಿನ ವ್ಯವಸ್ಥೆ ಏನು?

ಬೇರೆ ವಿಷಯದಲ್ಲಿ ಪದವಿ ಪಡೆದವರಿಗಾಗಿಯೇ ರೂಪಿಸಿದ ವೇಗದ ನರ್ಸಿಂಗ್ ಪದವಿಯನ್ನು ಅಮೆರಿಕದಲ್ಲಿ ಮೊದಲಿಗೆ ಆರಂಭಿಸಿದ್ದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ, 1971ರಲ್ಲಿ. ಇಂದು ಇಂಥ ಕೋರ್ಸುಗಳು ಸಾಮಾನ್ಯವಾಗಿ 11ರಿಂದ 18 ತಿಂಗಳಲ್ಲಿ ಮುಗಿಯುತ್ತವೆ. ನೇರವಾಗಿ ಸ್ನಾತಕೋತ್ತರ ಪದವಿಗೆ ಸೇರುವವರಿಗೆ ಸುಮಾರು ಮೂರು ವರ್ಷ. ಬ್ರಿಟನ್ನಿನಲ್ಲಿ ಪದವೀಧರರಿಗೆ ಎರಡು ವರ್ಷದ ಕೋರ್ಸುಗಳಿವೆ.

ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿ ಶಾಸ್ತ್ರ, ಸಂಖ್ಯಾಶಾಸ್ತ್ರ, ಮನಃಶಾಸ್ತ್ರ ಮುಂತಾದವನ್ನು ಮೊದಲೇ ಓದಿ ಒಳ್ಳೆಯ ಅಂಕ ಪಡೆದಿರಬೇಕೆಂದು ಅಮೆರಿಕದ ಕಾಲೇಜುಗಳು ಕೇಳುತ್ತವೆ. ಭಾರತದ ಪದವಿಯಾದರೆ ಅಂಕಪಟ್ಟಿಯ ಮೌಲ್ಯಮಾಪನವೂ ಆಗಬೇಕು. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಮೊಟಕಾಗುವುದು ರೋಗಿಯ ಬಳಿ ಕಲಿಯುವ ಸಮಯವಲ್ಲ. ಹಿಂದೆ ಓದಿದ್ದಕ್ಕೆ ವಿನಾಯಿತಿ ಕೊಟ್ಟು, ರಜೆಗಳನ್ನು ಕತ್ತರಿಸಿ ಅವಧಿಯನ್ನು ಇಳಿಸುತ್ತಾರೆ. ವಾರ್ಡಿನ ತರಬೇತಿ ಉಳಿದ ವಿದ್ಯಾರ್ಥಿಗಳಷ್ಟೇ ಇರುತ್ತದೆ. ಬ್ರಿಟನ್ನಿನ ನಿಯಮದಲ್ಲಿ ನರ್ಸಿಂಗ್ ಶಿಕ್ಷಣಕ್ಕೆ ಒಟ್ಟು 4,600 ಗಂಟೆ ನಿಗದಿಯಾಗಿದ್ದು, ಅದರಲ್ಲಿ ಅರ್ಧ ಪ್ರಾಯೋಗಿಕ ತರಬೇತಿಗೆ ಮೀಸಲು.

ನಮ್ಮಲ್ಲಿ ಎಷ್ಟು ವರ್ಷ?

ಭಾರತದಲ್ಲಿ ಬಿ.ಎ., ಬಿ.ಕಾಂ. ಆದವರಿಗೆ ಇಂಥ ಹತ್ತಿರದ ದಾರಿ ಇಲ್ಲ. ನರ್ಸಿಂಗ್ ಎಂ.ಎಸ್ಸಿ.ಗೆ ಸೇರಲು ನರ್ಸಿಂಗ್‌ನಲ್ಲೇ ಪದವಿ, ನೋಂದಣಿ ಮತ್ತು ಒಂದು ವರ್ಷದ ಅನುಭವ ಬೇಕು. ಹಾಗೆಂದು ಬಾಗಿಲು ಮುಚ್ಚಿಲ್ಲ. ಬಾಗಿಲು ಇರುವುದು ಪಿಯುಸಿಯ ಕಡೆಗೆ. ಇಲ್ಲಿ ನೋಡುವುದು ಪದವಿಯ ಅಂಕವನ್ನಲ್ಲ, ಪಿಯುಸಿಯ ಅಂಕವನ್ನು.

ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿದವರು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಯತ್ನಿಸಬಹುದು. ಸಾಮಾನ್ಯ ವರ್ಗಕ್ಕೆ ಈ ವಿಷಯಗಳಲ್ಲಿ ಒಟ್ಟು 45 ಶೇಕಡ ಅಂಕ ಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯನ್ನೂ ಬರೆಯಬೇಕು.

ಕಲೆ ಅಥವಾ ವಾಣಿಜ್ಯ ಓದಿದವರಿಗೆ ಇರುವುದು ಜಿ.ಎನ್.ಎಂ., ಅಂದರೆ ಸಾಮಾನ್ಯ ಶುಶ್ರೂಷೆ ಮತ್ತು ಸೂಲಗಿತ್ತಿ ತರಬೇತಿಯ ಡಿಪ್ಲೊಮಾ. ಅವಧಿ ಮೂರು ವರ್ಷ. ಇಂಗ್ಲಿಷ್ ಸಹಿತ ಪಿಯುಸಿಯಲ್ಲಿ 40 ಶೇಕಡ ಅಂಕವಿದ್ದರೆ ಯಾವ ವಿಭಾಗದವರೂ ಅರ್ಹರು. ವಯಸ್ಸು 17ರಿಂದ 35. ಗಂಡುಮಕ್ಕಳೂ ಸೇರಬಹುದು. ಪಾಸಾಗಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡರೆ ಅಲ್ಲಿಗೆ ಕೆಲಸಕ್ಕೆ ಅರ್ಹತೆ ಬಂದಂತೆ. ಮುಂದೆ ಓದಬೇಕೆಂದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ., ಅನಂತರ ಎರಡು ವರ್ಷದ ಎಂ.ಎಸ್ಸಿ.

ಲೆಕ್ಕ ಹಾಕಿ ನೋಡಿ. 21ಕ್ಕೆ ಬಿ.ಎ. ಮುಗಿಸಿ ಅದೇ ವರ್ಷ ಜಿ.ಎನ್.ಎಂ. ಸೇರಿದವಳು 24ಕ್ಕೆ ನರ್ಸ್ ಆಗುತ್ತಾಳೆ, 26ಕ್ಕೆ ನರ್ಸಿಂಗ್ ಪದವೀಧರೆ. ಒಂದು ವರ್ಷ ದುಡಿದು ಎಂ.ಎಸ್ಸಿ. ಮಾಡಿದರೆ 29. ‘ವಯಸ್ಸಾಯಿತು’ ಎಂದು ಕೊರಗುವವರು ಒಂದನ್ನು ನೆನೆಯಬೇಕು: ಫ್ಲಾರೆನ್ಸ್ ನೈಟಿಂಗೇಲ್ ಜರ್ಮನಿಯ ಕೈಸರ್ಸ್‌ವರ್ತ್‌ಗೆ ತರಬೇತಿಗೆಂದು ಹೋದ 1851ರಲ್ಲಿ ಆಕೆಗೆ 31 ವರ್ಷ.

ಹಣ ಕಟ್ಟುವ ಮೊದಲು

ಇಂಥ ಹೊತ್ತಿನಲ್ಲೇ ‘ಡಿಗ್ರಿ ಆಗಿದೆಯಲ್ಲ, ಒಂದು ವರ್ಷ ಬಿಟ್ಟು ಎರಡನೇ ವರ್ಷಕ್ಕೇ ಸೇರಿಸುತ್ತೇವೆ’, ‘ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎನ್ನುವ ದಲ್ಲಾಳಿ ಎದುರಾಗಬಹುದು. ಹಾಗೆಂದವರ ಕೈಗೆ ಒಂದು ರೂಪಾಯಿಯನ್ನೂ ಕೊಡಬಾರದು. ವಾರ್ಡಿನಲ್ಲಿ ನಿಲ್ಲದೆ ಪಡೆದ ಕಾಗದ ನಾಳೆ ರೋಗಿಯ ಜೀವಕ್ಕೇ ಅಪಾಯ. ನೋಂದಣಿ ಸಿಗದಿದ್ದರೆ ಮೂರು ವರ್ಷ ಮತ್ತು ಅಟ್ಟದ ಕೊಬ್ಬರಿ ಎರಡೂ ಹೋದಂತೆ.

ತಂದೆತಾಯಿಯರು ಮಗಳೊಡನೆ ಕಾಲೇಜಿಗೇ ಹೋಗಿ ನಾಲ್ಕು ವಿಷಯ ಕೇಳಬೇಕು. ಈ ವರ್ಷದ ಮಾನ್ಯತೆಯ ಪತ್ರ ಎಲ್ಲಿ? ಪರೀಕ್ಷೆ ನಡೆಸುವವರು ಯಾರು? (ಜಿ.ಎನ್.ಎಂ. ಆದರೆ ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ, ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅಥವಾ ಮಾನ್ಯತೆ ಪಡೆದ ಬೇರೆ ವಿಶ್ವವಿದ್ಯಾಲಯ.) ತರಬೇತಿ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಹಾಸಿಗೆಗಳೆಷ್ಟು? ಹಾಸ್ಟೆಲ್, ಸಮವಸ್ತ್ರ, ಪರೀಕ್ಷಾ ಶುಲ್ಕ ಸೇರಿ ಮೂರು ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ? ಉತ್ತರವನ್ನು ಬರೆಸಿಕೊಳ್ಳಬೇಕು. ಮೂಲ ಅಂಕಪಟ್ಟಿ ಒಪ್ಪಿಸಿದರೆ ರಸೀದಿ ಪಡೆಯಬೇಕು. 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದುವುದು ಇನ್ನೂ ಅಗತ್ಯ.

ಮಗಳ ಮನಸ್ಸನ್ನೂ ಕೇಳಿ

ನರ್ಸಿಂಗ್ ಎಂದರೆ ರಾತ್ರಿ ಪಾಳಿ, ರಕ್ತ, ಮಲಮೂತ್ರ, ನರಳಾಟ, ಕೆಲವೊಮ್ಮೆ ಸಾವು. ಸೇರುವ ಮೊದಲು ತಾಲ್ಲೂಕು ಆಸ್ಪತ್ರೆಯ ನರ್ಸ್ ಒಬ್ಬರೊಡನೆ ಅರ್ಧ ಗಂಟೆ ಮಾತನಾಡಿದರೆ ಜಾಹೀರಾತು ಹೇಳದ ಸಂಗತಿ ತಿಳಿಯುತ್ತದೆ. ಆಸ್ಪತ್ರೆಯ ವಾತಾವರಣ ಇಷ್ಟ, ರೋಗಿಯ ಆರೈಕೆ ಕಷ್ಟ ಎನ್ನುವವರಿಗೆ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಕೋರ್ಸುಗಳಿವೆ, ಬಿ.ಎ., ಬಿ.ಕಾಂ. ಪದವಿಯನ್ನು ಒಪ್ಪುವ ವಿಶ್ವವಿದ್ಯಾಲಯಗಳೂ ಇವೆ.

ಇನ್ನು ಪದವಿಯ ಮೂರು ವರ್ಷ ದಂಡವಾಯಿತೇ? ಅವಧಿಯ ಲೆಕ್ಕದಲ್ಲಿ ಅದು ಸೇರದು, ನಿಜ. ಆದರೆ ದಿನವೂ ಬಸ್ಸು ಹಿಡಿದು ಕಾಲೇಜಿಗೆ ಓಡಾಡಿ ಕಲಿತ ಧೈರ್ಯ, ಓದುವ ಅಭ್ಯಾಸ, ನಾಲ್ಕು ಜನರೊಡನೆ ಮಾತನಾಡುವ ರೀತಿ ವಾರ್ಡಿನಲ್ಲಿ ಕೆಲಸಕ್ಕೆ ಬರುತ್ತವೆ. ‘ಇನ್ನೂ ಎಷ್ಟು ವರ್ಷಾನಮ್ಮ?’ ಎಂದ ಅಪ್ಪನಿಗೆ ಮಗಳು ಈಗ ಖಚಿತವಾಗಿ ಉತ್ತರ ಹೇಳಬಹುದು: ‘ಮೂರು ವರ್ಷ ಅಪ್ಪ. ಒಂದು ದಿನವೂ ಕಡಿಮೆ ಇಲ್ಲ.’